ಒತ್ತು ಕಳಚಿದ ಇನ್ನೂರು ಅಂಗಿ

ಕತ್ರಿ-ಸೂಜಿ: ಓದುಗರ ಪ್ರಶ್ನೆ, ಖಾಸಬಾಗದ ಅಕ್ಕನ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕೆಟ್ಟುಹೋದ ಆರ್ಡರ್ ಮಾಲಿನ ಬಗ್ಗೆಯೇ ಇವೆ. ಬೆಳಗಾವಿಯ ಖಾಸಬಾಗದಲ್ಲಿ ಹನ್ನೊಂದು ಮಷಿನ್ನಿನ ಹೊಲಿಗೆ ಘಟಕ ಇಟ್ಟುಕೊಂಡು ಬದುಕಿದವಳು ನಾನು. ತಯಾರಾದ ಮಾಲು ಗಿರಾಕಿಯ ಬಾಗಿಲಿನಿಂದ ತಿರುಗಿ ಬಂದ ದಿನ ಹೊಟ್ಟೆಗೆ ಅನ್ನ ಇಳಿಯುವುದಿಲ್ಲ, ಬಲ್ಲೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಬರೆದಿದ್ದರಿಂದ ಊರಿನ ಹೆಸರಷ್ಟೇ ಇಟ್ಟಿದ್ದೇನೆ.

ಗೋಕಾಕದಿಂದ

*ಅಕ್ಕಾರಿಗೆ ನಮಸ್ಕಾರ. ಎರಡು ವರ್ಷದಿಂದ ಟೀ ಶರ್ಟ್ ಆರ್ಡರ್ ಹಿಡಿದು, ಹೊಲಿಸಿ, ಪ್ರಿಂಟ್ ಮಾಡಿಸಿ ಕೊಡತೀನ್ರಿ. ರಾಜ್ಯೋತ್ಸವಕ್ಕ ಒಂದು ಯುವಕ ಸಂಘದವರು 200 ಹಳದಿ ಅಂಗಿ ಹೇಳಿದ್ರು. ಬೆನ್ನಮ್ಯಾಲ ಕೆಂಪು ಅಕ್ಷರದಾಗ 'ಕಿತ್ತೂರು ಚೆನ್ನಮ್ಮನ ಮಕ್ಕಳು' ಅಂತ ಬರಬೇಕಿತ್ತು. ನಾ ಮೊಬೈಲಿನ್ಯಾಗ ಬರೆದು ಕಳಿಸಿದ್ದು ಸರೀನ ಇತ್ತು. ಅಕ್ಟೋಬರ್ 30ಕ್ಕ ಮಾಲು ಬಂದಾಗ ನೋಡಿದ್ರ ಒತ್ತಕ್ಷರ ಎಲ್ಲಾ ಬಿಚ್ಚಿ 'ಕಿತ್‌ತೂರು ಚೆನ್‌ನಮ್‌ಮನ ಮಕ್‌ಕಳು' ಆಗೇತಿ. ಸಂಘದವರು ಒಂದೂ ತಗೊಳ್ಳಲಿಲ್ಲ. ಪ್ರಿಂಟಿನವರು, ಬಂದ ಫೈಲು ಬಂದಂಗ ಹೊಡದೀವಿ ಅಂತಾರ. ತಪ್ಪು ಯಾರದ್ರಿ? ಈ ಅಂಗಿ ಏನ ಮಾಡ್ಲಿ?*

ತಮ್ಮಾ, ನಿಮ್ಮ ಪತ್ರ ಓದಿದವಳೇ ಎದ್ದು ಹೋಗಿ ನಮ್ಮ ಗೋಡೆಗೆ ತೂಗುಹಾಕಿರುವ ಒಂದು ನೀಲಿ ಜೆರ್ಸಿ ಮುಟ್ಟಿ ಬಂದೆ. ಅದರ ಬೆನ್ನ ಮೇಲೆ 'ಅಕ್‌ಕಮಹಾದೇವಿ ತಂಡ' ಎಂದಿದೆ. ಹೆಣ್ಣುಮಕ್ಕಳ ಕಬಡ್ಡಿ ತಂಡಕ್ಕೆ ಮಾಡಿದ 14 ಜೆರ್ಸಿಗಳಲ್ಲಿ ಒಂದು. ಬೆಳಿಗ್ಗೆ ಪಂದ್ಯ, ಹಿಂದಿನ ರಾತ್ರಿ ಮಾಲು ಕೊಟ್ಟಿದ್ದೆ. ಬೇರೆ ಅಂಗಿ ಇಲ್ಲದ ಆ ಹುಡುಗಿಯರು ಅದನ್ನೇ ತೊಟ್ಟು ಆಡಿದರು. ಎದುರು ಊರಿನ ಹುಡುಗರು ಆ ಹೆಸರನ್ನು ತಡೆತಡೆದು, ತೊದಲಿದಂತೆ ಓದಿ ಕೂಗಿದರಂತೆ. ಮಾಲು ನೋಡಿದಾಗ ಬಾರದ ಅಳು ಅದನ್ನು ಕೇಳಿದಾಗ ಬಂತು. ಆ ವಿನ್ಯಾಸವನ್ನು ಮೊಬೈಲಿನಲ್ಲಿ ಬೆರಳುದ್ದದ ಚಿತ್ರವಾಗಿ ನೋಡಿ 'ಆಯ್ತು, ಹೊಡೀರಿ' ಎಂದು ಬರೆದವಳು ನಾನೇ.

ಒತ್ತು ಏಕೆ ಬಿಚ್ಚುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಮೊಬೈಲಿನಲ್ಲಿ ನಾವು ಬರೆಯುವುದು ಯೂನಿಕೋಡ್ ಕನ್ನಡ. ಅದರಲ್ಲಿ 'ಮ್ಮ' ಎಂಬುದು ಒಂದು ಅಕ್ಷರವಾಗಿ ಕೂತಿರುವುದಿಲ್ಲ. ಮ, ಅರ್ಧ ಮಾಡುವ ಚಿಹ್ನೆ, ಮತ್ತೊಂದು ಮ ಎಂದು ಮೂರು ಸಂಕೇತಗಳಾಗಿ ಇರುತ್ತದೆ. ಅವನ್ನು ಕೂಡಿಸಿ ಒತ್ತಕ್ಷರವಾಗಿ ತೋರಿಸುವ ಕೆಲಸ ಸಾಫ್ಟ್‌ವೇರಿನದು. ಪ್ರಿಂಟಿಂಗ್ ಅಂಗಡಿಗಳಲ್ಲಿ ಇನ್ನೂ ಓಡುತ್ತಿರುವ ಎಷ್ಟೋ ಹಳೆಯ ಡಿಸೈನ್ ಸಾಫ್ಟ್‌ವೇರುಗಳಿಗೆ ಅದು ಬರುವುದಿಲ್ಲ. ನೀವು ಕಳಿಸಿದ ಬರಹವನ್ನು ಅಲ್ಲಿ ನಕಲು ಮಾಡಿ ಅಂಟಿಸಿದ ಗಳಿಗೆಯಲ್ಲೇ ಒತ್ತು ಬಿಚ್ಚಿತು. ನಿಮ್ಮ ಮಾಲು ಕೆಟ್ಟದ್ದು ಅಲ್ಲಿ, ಮಸಿ ಕಲಸುವುದಕ್ಕೂ ಮೊದಲೇ. ಇದಕ್ಕೆ ತಿರುವುಮುರುವಾದ ಇನ್ನೊಂದು ಅಪಾಯವೂ ಇದೆ. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರ, ಗೀಟು, ಚುಕ್ಕೆಗಳ ರಾಶಿ ಕಾಣುತ್ತದೆ. ಅದು ಯಾರ ಕಣ್ಣಿಗಾದರೂ ಬೀಳುತ್ತದೆ, ಕೆಲಸ ನಿಲ್ಲುತ್ತದೆ. ಬಿಚ್ಚಿದ ಒತ್ತು ಹಾಗಲ್ಲ. ದೂರದಿಂದ ನೋಡಿದರೆ ಕನ್ನಡವೇ ಇದೆ ಅನ್ನಿಸುತ್ತದೆ, ಕನ್ನಡ ಓದಲು ಬಾರದ ಪ್ರಿಂಟಿನ ಹುಡುಗನಿಗಂತೂ ಎರಡೂ ಒಂದೇ. ನಮ್ಮ ಗಡಿ ಭಾಗದಲ್ಲಿ ಅಂಥ ಕೈಗಳು ಬೇಕಾದಷ್ಟಿವೆ, ಅದು ಅವರ ದೋಷವಲ್ಲ.

ಈಗ ನಮ್ಮಲ್ಲಿ ಹೀಗೆ ಮಾಡುತ್ತೇವೆ. ಡಿಸೈನಿನವರು ಅಕ್ಷರಗಳನ್ನು 'ಕರ್ವ್' ಮಾಡಿಯೇ ಕಳಿಸಬೇಕು. ಹಾಗೆ ಮಾಡಿದರೆ ಅಕ್ಷರ ಚಿತ್ರವಾಗಿಬಿಡುತ್ತದೆ, ಯಾವ ಕಂಪ್ಯೂಟರಿನಲ್ಲೂ ಬದಲಾಗುವುದಿಲ್ಲ. ಆದರೆ ಎಚ್ಚರ, ತಪ್ಪಿದ್ದರೆ ತಪ್ಪೂ ಹಾಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಆದ್ದರಿಂದ ಕರ್ವ್ ಆದ ಮೇಲೆ ಅಂಗಿಯ ಮೇಲೆ ಬರುವಷ್ಟೇ ದೊಡ್ಡದಾಗಿ ಕಾಗದದ ಮೇಲೆ ತೆಗೆಸುತ್ತೇನೆ. ಅದನ್ನು ನಾನು ಓದುವುದಿಲ್ಲ. ಏನು ಬರೆದಿರಬೇಕು ಎಂದು ಗೊತ್ತಿರುವವರ ಕಣ್ಣು, ಕಾಗದದಲ್ಲಿ ಇಲ್ಲದ್ದನ್ನೂ ತುಂಬಿಕೊಂಡು ಓದುತ್ತದೆ. ಪಕ್ಕದ ಮನೆಯ ನಾಲ್ಕನೆಯ ತರಗತಿಯ ಹುಡುಗಿಯನ್ನು ಕರೆದು ಗಟ್ಟಿಯಾಗಿ ಓದಿಸುತ್ತೇನೆ. ಶಾಲೆಯಲ್ಲಿ ಈಗಷ್ಟೇ ಒತ್ತಕ್ಷರ ತಿದ್ದಿದ ಮಗು ಎಲ್ಲಿ ತಡವರಿಸುತ್ತದೋ ಅಲ್ಲಿ ನೋಡಬೇಕು. ಆಮೇಲೆ ಗಿರಾಕಿಯ ಸಹಿ, ಅದೇ ಕಾಗದದ ಮೇಲೆ.

ಇಷ್ಟಾದರೂ ಪ್ರಿಂಟಿನವರಿಗೆ ಒಂದು ಮಾತು ಹೇಳಿರಬೇಕು: ಮೊದಲು ಒಂದೇ ಅಂಗಿ ಹೊಡೆದು ನಿಲ್ಲಿಸಿ, ನಾವು ಬಂದು ನೋಡುವ ತನಕ ಎರಡನೆಯದಕ್ಕೆ ಕೈ ಹಚ್ಚಬೇಡಿ. ಗೋಕಾಕದಿಂದ ಹೋಗಿಬರುವ ಬಸ್ಸಿನ ಚಾರ್ಜು, ಅರ್ಧ ದಿನ ಹೋಗುತ್ತದೆ, ಹೋಗಲಿ. ಕೆಟ್ಟರೆ ಒಂದು ಸ್ಕ್ರೀನು (ಮಸಿ ಇಳಿಸುವ ಅಚ್ಚಿನ ಜಾಲರಿ), ಒಂದು ಅಂಗಿ ಕೆಡುತ್ತದೆ. ನಿಮ್ಮ ಆರ್ಡರಿನಲ್ಲಿ ಈ ಒಂದು ನಿಲುಗಡೆ ಇದ್ದಿದ್ದರೆ 199 ಅಂಗಿ ಉಳಿಯುತ್ತಿದ್ದವು.

ತಪ್ಪು ಯಾರದು ಎಂದು ಕೇಳಿದ್ದೀರಿ. ಫೈಲಿನ ಜೊತೆಗೆ ಸರಿಯಾದ ಬರಹದ ಚಿತ್ರವನ್ನೂ ಪ್ರಿಂಟಿನವರಿಗೆ ಕೊಟ್ಟು 'ಇದಕ್ಕೆ ಹೋಲಿಸಿ ಹೊಡೀರಿ' ಎಂದಿದ್ದರೆ ಅವರೂ ಪಾಲು ಹೊರಬೇಕು, ಹೋಗಿ ಕೂತು ಮಾತಾಡಿ. ಹಾಗೆ ಕೊಟ್ಟಿಲ್ಲ ಎಂದು ನಿಮ್ಮ ಪತ್ರದಿಂದ ಅನ್ನಿಸುತ್ತದೆ. ಕೊಟ್ಟಿಲ್ಲದಿದ್ದರೆ ಲುಕ್ಸಾನು ನಿಮ್ಮದು. ಸಂಘದವರು ಕೊಟ್ಟ ಸಂಚಕಾರ, ಅಂದರೆ ಮುಂಗಡ ಹಣ, ಇನ್ನೂ ನಿಮ್ಮಲ್ಲಿದ್ದರೆ, ಅವರು ಕೇಳುವ ಮೊದಲೇ ತಿರುಗಿ ಕೊಡಿ. ಒಂದೇ ಸಲಕ್ಕೆ ಆಗದಿದ್ದರೆ ಎರಡು ಕಂತು, ತಾರೀಖು ಹೇಳಿ.

ಅಂಗಿಗಳ ಮಾತು. ಕಾವು ಹಿಡಿದು ಕೂತ ಪ್ಲಾಸ್ಟಿಸಾಲ್ ಎಂಬ ಪ್ರಿಂಟಿನ ಮಸಿ ತೊಳೆದರೆ ಹೋಗುವುದಿಲ್ಲ. ಕಲೆ ತೆಗೆಯುವ ಗನ್ ಇರುವುದು ಸಣ್ಣ ಕಲೆಗಳಿಗಾಗಿ. ಅದರಿಂದ ಇಡೀ ಬೆನ್ನು ತಿಕ್ಕಿದರೆ ಹಳದಿಯ ಮೇಲೆ ಕೆಂಪು ನೆರಳು ಉಳಿದೇ ಉಳಿಯುತ್ತದೆ. ಒಂದು ದಾರಿ ಎಂದರೆ, ಕೆಂಪು ಬಟ್ಟೆಯ ಪಟ್ಟಿಯ ಮೇಲೆ ಹಳದಿಯಲ್ಲಿ ಸರಿಯಾದ ಅಕ್ಷರ ಹೊಡೆಸಿ, ತಪ್ಪಿನ ಮೇಲೆ ಸುತ್ತಲೂ ಹೊಲಿಯುವುದು. ಮೊದಲು ಒಂದಕ್ಕೆ ಮಾಡಿ, ತೊಳೆದು, ಕೆಂಪು ಬಣ್ಣ ಹಳದಿಗೆ ಬಿಡುತ್ತದೋ ನೋಡಿ, ಸಂಘದವರಿಗೆ ತೋರಿಸಿ. ಬೆನ್ನಿನ ತುಂಡನ್ನೇ ಬಿಚ್ಚಿ ಬದಲಾಯಿಸುವ ಆಲೋಚನೆ ಬಂದಿದ್ದರೆ ಬಿಡಿ. ಓವರ್‌ಲಾಕ್ ಎಂಬ ಅಂಚು ಕತ್ತರಿಸುತ್ತ ಹಾಕುವ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದರೆ ಅಂಗಿ ಬಿಗಿಯಾಗುತ್ತದೆ, ಹಳದಿಯ ಅದೇ ಲಾಟು (ಒಟ್ಟಿಗೆ ಬಣ್ಣ ಹಾಕಿದ ಬಟ್ಟೆ) ಸಿಗುವುದೂ ಕಷ್ಟ. ಪಟ್ಟಿ ಅವರಿಗೆ ಒಪ್ಪಿಗೆಯಾಗದಿದ್ದರೆ ಅಂಗಿ ಬಿಚ್ಚಿಬಿಡಿ. ಮುಂಭಾಗ ಕೆಟ್ಟಿಲ್ಲ, ತೋಳು ಕೆಟ್ಟಿಲ್ಲ, ಸಣ್ಣ ಮಕ್ಕಳ ಬನಿಯನ್ನು, ಚಡ್ಡಿ ಆಗುತ್ತವೆ. ಒಂದು ವಿನಂತಿ ಇದೆ, ಆ ಬೆನ್ನುಗಳನ್ನು ಅಗ್ಗದ ದರಕ್ಕೆ ಸಂತೆಗೆ ಹಾಕಬೇಡಿ. ಚೆನ್ನಮ್ಮನ ಹೆಸರು ಆ ರೂಪದಲ್ಲಿ ಬೀದಿ ಬೀದಿ ತಿರುಗುವುದು ಬೇಡ. ಒಂದು ಅಂಗಿ ಮಾತ್ರ ನಿಮ್ಮ ಅಂಗಡಿಯ ಗೋಡೆಗೆ ಇಟ್ಟುಕೊಳ್ಳಿ.

ಬಾಗಲಕೋಟೆ, ನವನಗರದಿಂದ

*ಒಂದು ಶಾಲೆಗೆ 120 ಆಟದ ಟೀ ಶರ್ಟ್ ಹೊಲಿದು ಕೊಟ್ಟೆ. ನೂರಕ್ಕೆ ನೂರು ಹತ್ತಿಯ ಹೊಸಿಯರಿ ಬಟ್ಟೆ. ಕೊಡುವಾಗ ಅಳತೆ ಸರಿಯಾಗಿತ್ತು. ಎರಡು ಒಗೆತಕ್ಕೆ ಉದ್ದ ಗಿಡ್ಡವಾಗಿ ಹುಡುಗರ ಹೊಟ್ಟೆ ಕಾಣುತ್ತಿದೆ, ಬದಿಯ ಹೊಲಿಗೆ ತಿರುಚಿ ಮುಂದಕ್ಕೆ ಬಂದಿದೆ ಎಂದು ಪಾಲಕರು ದೂರುತ್ತಿದ್ದಾರೆ. ನನ್ನ ಹೊಲಿಗೆಯಲ್ಲಿ ಏನು ತಪ್ಪಿತು?*

ತಂಗಿ, ನಿಮ್ಮ ಹೊಲಿಗೆಯಲ್ಲಿ ಏನೂ ತಪ್ಪಿಲ್ಲ. ತಪ್ಪಿದ್ದು ಕತ್ತರಿಸುವ ಮುಂಚೆ. ಹೆಣೆದ ಹತ್ತಿ ಬಟ್ಟೆಯನ್ನು ಕಾರ್ಖಾನೆಯಲ್ಲಿ ಎಳೆದು ಎಳೆದು ಸುತ್ತಿರುತ್ತಾರೆ. ನೀರು ಬಿದ್ದಾಗ ಅದು ತನ್ನ ನಿಜವಾದ ಅಳತೆಗೆ ಮರಳುತ್ತದೆ, ಉದ್ದದ ಕಡೆಗೇ ಹೆಚ್ಚು. ಪ್ರತಿ ಲಾಟಿನಿಂದ ಒಂದು ತುಂಡು ತೆಗೆದು, ಅಳಿಯದ ಮಸಿಯಿಂದ 50 ಸೆಂಟಿಮೀಟರಿನ ಚೌಕ ಬರೆಯಿರಿ. ಉದ್ದ ಯಾವ ಕಡೆ ಎಂದು ಬಾಣ ಹಾಕಿ. ಮನೆಯಲ್ಲಿ ತಾಯಂದಿರು ಒಗೆಯುವ ಹಾಗೆಯೇ ಒಗೆದು, ಒಣಗಿಸಿ, ಮತ್ತೆ ಅಳೆಯಿರಿ. ಒಂದಲ್ಲ, ಮೂರು ಒಗೆತ. ಉದ್ದ 50 ಇದ್ದದ್ದು 47 ಆದರೆ ನೂರಕ್ಕೆ 6 ಕುಗ್ಗಿತು.

ಈಗ ಲೆಕ್ಕ. ಒಗೆದ ಮೇಲೆ 26 ಇಂಚು ಉಳಿಯಬೇಕೆಂದರೆ 26ನ್ನು 0.94ರಿಂದ ಭಾಗಿಸಿ, ಸುಮಾರು 27.66 ಇಂಚು ಬರುತ್ತದೆ. ಹೊಲಿಗೆಯ ಅಂಚು, ಕೆಳಗಿನ ಮಡಿಕೆ ಇದರ ಮೇಲೆ ಸೇರಬೇಕು. ಬಹಳ ಜನ 26ಕ್ಕೆ ನೂರಕ್ಕೆ 6 ಕೂಡಿಸಿ 27.56 ಎನ್ನುತ್ತಾರೆ. ಇಲ್ಲಿ ವ್ಯತ್ಯಾಸ ಕೂದಲೆಳೆಯಷ್ಟೇ. ಬಟ್ಟೆ ನೂರಕ್ಕೆ 10 ಕುಗ್ಗುವಂಥದ್ದಾದರೆ ಕಾಲು ಇಂಚಿಗಿಂತ ಹೆಚ್ಚು ತಪ್ಪುತ್ತದೆ. ಅಗಲಕ್ಕೂ ಬೇರೆಯೇ ಲೆಕ್ಕ ಮಾಡಿ, ಉದ್ದದ ಅಂಕಿಯನ್ನೇ ಹಾಕಬೇಡಿ.

ಬದಿಯ ಹೊಲಿಗೆ ತಿರುಚುವುದು ಬೇರೆಯೇ ರೋಗ. ನೂಲಿನ ಹುರಿಯಿಂದ, ಹೆಣಿಗೆಯಿಂದ ಬರುತ್ತದೆ. ಸಿಂಗಲ್ ಜೆರ್ಸಿ ಎಂಬ ಒಂಟಿ ಹೆಣಿಗೆಯ ಬಟ್ಟೆಯಲ್ಲಿ ಸಾಮಾನ್ಯ. ಎಷ್ಟು ನೆಟ್ಟಗೆ ಹೊಲಿದರೂ ಒಗೆದ ಮೇಲೆ ಓಡುತ್ತದೆ. ಅದೇ ಚೌಕದಲ್ಲಿ ಇದೂ ಗೊತ್ತಾಗುತ್ತದೆ: ಒಗೆದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಒಂದು ಉದ್ದ, ಒಂದು ಗಿಡ್ಡ ಬಂದರೆ ಚೌಕ ಓರೆಯಾಗಿದೆ, ಅಂಗಿಯೂ ಓರೆಯಾಗುತ್ತದೆ. ಅಂಥ ಥಾನು ತಿರುಗಿ ಕಳಿಸಿ. ಕುಗ್ಗುವುದು ಕಡಿಮೆಯಾಗಲು ಕಾಂಪ್ಯಾಕ್ಟ್ ಮಾಡಿದ, ಅಂದರೆ ಕಾರ್ಖಾನೆಯಲ್ಲೇ ಒತ್ತಿ ಕುಗ್ಗಿಸಿದ ಬಟ್ಟೆ ಕೇಳಿ. ಕತ್ತರಿಸಿದ ಮೇಲೆ ಯಾವ ವ್ಯಾಪಾರಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಇನ್ನೊಂದು, ಸುರುಳಿ ಬಿಚ್ಚಿದ ಕೂಡಲೇ ಕತ್ತರಿ ಹಾಕಬೇಡಿ. ಹಿಂದಿನ ಸಂಜೆ ಸಡಿಲವಾಗಿ ಹರಡಿಟ್ಟು ಮರುದಿನ ಕತ್ತರಿಸಿ.

ಶಾಲೆಯ ಕೆಲಸದಲ್ಲಿ ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲೇ ಮುಗಿಸಿ. ನಿಮ್ಮ ಬಾಗಲಕೋಟೆಯಲ್ಲಿ ಬಟ್ಟೆ ಒಂದು ತಾಸಿಗೆ ಒಣಗೀತು. ನಮ್ಮ ಬೆಳಗಾವಿಯಲ್ಲಿ ಶಾಲೆ ಶುರುವಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ಜೂನ್‌ನಲ್ಲಿ ಒಂದು ತುಂಡು ಒಣಗಲು ಎರಡು ದಿನ ಕಾದು, ಕಾಯಲಾರದೆ ಇಸ್ತ್ರಿ ಎಳೆದು, ತಪ್ಪು ಅಳತೆ ಬರೆದುಕೊಂಡವಳು ನಾನು. ಈಗ ಕೊಟ್ಟ 120ಕ್ಕೆ ಕೆಳಗೆ ಬೇರೆ ಬಣ್ಣದ ಎರಡೂವರೆ ಇಂಚಿನ ಪಟ್ಟಿ ಸೇರಿಸಿಕೊಡಬಹುದು, ಶಾಲೆಯ ಬಣ್ಣದ್ದೇ ಆದರೆ ಚೆಂದ ಕಾಣುತ್ತದೆ. ಪಟ್ಟಿಯ ಬಟ್ಟೆಯನ್ನು ಮೊದಲೇ ಒಗೆದಿರಬೇಕು. ತಿರುಚಿದ್ದನ್ನು ಸರಿ ಮಾಡಲಾಗದು, ಅದನ್ನು ಮುಖ್ಯಾಧ್ಯಾಪಕರಿಗೆ ನೇರವಾಗಿ ಹೇಳಿ.

ವಿಜಯಪುರದಿಂದ

*ಕೆಂಪು ಪಾಲಿಯೆಸ್ಟರ್ ಜೆರ್ಸಿ ಮೇಲೆ ಬಿಳಿ ನಂಬರ್ ಹೊಡೆಸಿದ್ದೆ. ಹೊಡೆದ ದಿನ ಹಾಲಿನಂಗ ಬೆಳ್ಳಗಿತ್ತು, ಮೂರನೇ ದಿನ ಗಂಟು ಬಿಚ್ಚಿದ್ರ ಗುಲಾಬಿ ಆಗಿತ್ತು. ಮಸಿ ಕಲಬೆರಕೆ ಇತ್ತೇನ್ರಿ?*

ಮಸಿಯದ್ದಲ್ಲ, ಅಂಗಿಯ ಬಣ್ಣವೇ ಮೇಲೆ ಏರಿ ಬಂದಿದೆ. ಪಾಲಿಯೆಸ್ಟರಿಗೆ ಹಾಕುವ ಬಣ್ಣ ಜೋರು ಕಾವಿಗೆ ಆವಿಯಾಗಿ ಮಸಿಯೊಳಗೆ ಸೇರಿಕೊಳ್ಳುತ್ತದೆ. ಸಾಮಾನ್ಯ ಪ್ಲಾಸ್ಟಿಸಾಲ್ ಮಸಿ ಗಟ್ಟಿಯಾಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಬೇಕು, ಅಷ್ಟು ಸಾಕು ಕೆಂಪನ್ನು ಎಬ್ಬಿಸಲು. ಹೊಡೆದ ಕೂಡಲೇ ಕಾಣದೆ ದಿನಗಳ ಮೇಲೆ ಕಾಣುವುದೇ ಇದರ ಮೋಸ. ಬಿಸಿ ಆರದ ಜೆರ್ಸಿಗಳನ್ನು ಒಂದರ ಮೇಲೊಂದು ಪೇರಿಸಿ ಗಂಟು ಕಟ್ಟಿದರೆ ಇನ್ನೂ ಕೆಟ್ಟದ್ದು. ಕಡಿಮೆ ಕಾವಿಗೆ ಗಟ್ಟಿಯಾಗುವ, ಪಾಲಿಯೆಸ್ಟರಿಗೆಂದೇ ಬರುವ ಬಿಳಿ ಮಸಿ ಕೇಳಿ, ಅದರ ಕೆಳಗೆ ಬಣ್ಣ ತಡೆಯುವ ಬೂದು ಪದರ ಒಂದು ಕೈ ಹೊಡೆಸಿ. ಒಂದು ಜೆರ್ಸಿ ಮಾಡಿಸಿ ಮೂರು ದಿನ ಬಿಸಿಲು ಬೀಳುವ ಅಟ್ಟದ ಮೇಲೆ ಇಟ್ಟು ನೋಡಿ, ಆಮೇಲೆ ಉಳಿದದ್ದು.

ಗುಳೇದಗುಡ್ಡದಿಂದ, ಹೊಲಿಗೆ ಸಂಘದ ಹೆಣ್ಣುಮಕ್ಕಳು

*ಬೆಂಗಳೂರಿನಿಂದ 30 ಖಣದ (ಕುಪ್ಪಸದ ಬಟ್ಟೆ) ಜಾಕೀಟಿನ ಆರ್ಡರ್ ಬಂದಿತ್ತು. ಹೊಲಿದು ಮುಗಿಸಿ ನೋಡಿದರೆ ಎಡಗಡೆ ಖಣದ ಮ್ಯಾಲಿನ ತೇರಿನ ಚಿತ್ರ ಸರಿ ನಿಂತೈತಿ, ಬಲಗಡೆ ತಲೆಕೆಳಗ ಆಗೈತಿ. ಮೂವತ್ತೂ ಹಂಗ. ಬಿಚ್ಚಿ ತಿರುವಿ ಹಾಕಬಹುದಾ ಅಕ್ಕಾ?*

ತಿರುವಿ ಹಾಕಲು ಬರುವುದಿಲ್ಲ ನನ್ನವ್ವಾ. ಬಲ ಮುಂಭಾಗದ ಕೊರಳು, ಕಂಕುಳ ಆಗಲೇ ಕತ್ತರಿಸಿ ಆಗಿವೆ. ತಲೆ ಕೆಳಗೆ ಮಾಡಿದರೆ ಕೊರಳು ಸೊಂಟಕ್ಕೆ ಹೋಗುತ್ತದೆ. ಎಡಭಾಗ, ಬೆನ್ನು, ಅಸ್ತರು ಉಳಿಸಿಕೊಳ್ಳಿ, 30 ಬಲ ಮುಂಭಾಗ ಹೊಸದಾಗಿ ಕತ್ತರಿಸಿ. ಬಿಚ್ಚುವಾಗ ಎಳೆಯಬೇಡಿ, ಹೊಲಿಗೆಯನ್ನು ಅಲ್ಲಲ್ಲಿ ಕತ್ತರಿಸಿ ನೂಲು ತೆಗೆಯಿರಿ. ಖಣದ ನುಣುಪು ಬಟ್ಟೆಯ ಮೇಲೆ ಸೂಜಿಯ ತೂತು ಉಳಿಯುತ್ತದೆ, ಹೊಸ ಹೊಲಿಗೆ ಹಳೆಯದರ ಮೇಲೆಯೇ ಅಥವಾ ಒಂದು ನೂಲು ಒಳಗೇ ಬೀಳಬೇಕು.

ಖಣ ನಿಮ್ಮೂರಿನ ಕೂಸು, ನಿಮಗೆ ನಾನು ಹೇಳಬೇಕಿಲ್ಲ, ಆದರೂ ಈ ತಪ್ಪು ಎಲ್ಲಿಂದ ಬಂತು ನೋಡಿ. ಕುಪ್ಪಸಕ್ಕೆ ಹೊಲಿಯುವಾಗ ಒಂದೊಂದೇ ಖಣ ಕೈಯಲ್ಲಿ ಹಿಡಿದು, ಚಿತ್ರ ನೋಡಿ ಕತ್ತರಿಸುತ್ತಿದ್ದಿರಿ. ಮೂವತ್ತು ಜಾಕೀಟು ಬಂದಾಗ ಬಟ್ಟೆ ಉಳಿಸಲೆಂದು ಪ್ಯಾಟರ್ನ್‌ಗಳನ್ನು ತಲೆಗೊಂದು ಕಾಲಿಗೊಂದು ಮಾಡಿ ಹೊಂದಿಸಿದಿರಿ. ಸಾದಾ ಬಟ್ಟೆಗೆ ಅದು ಜಾಣತನ. ತೇರಿನಂತೆ ತಲೆ-ಬುಡ ಇರುವ ಚಿತ್ರಕ್ಕೆ ನಡೆಯುವುದಿಲ್ಲ, ಎಲ್ಲ ತುಂಡೂ ಒಂದೇ ಮುಖವಾಗಿ ಕೂರಬೇಕು. ಬಟ್ಟೆ ಹೆಚ್ಚು ಹೋಗುತ್ತದೆ. ಖಣದ ಪನ್ನ (ಅಗಲ) ಚಿಕ್ಕದಾದ್ದರಿಂದ ಇನ್ನಷ್ಟು ಹೋಗುತ್ತದೆ. ದರ ಹೇಳುವ ಮೊದಲೇ ಒಂದು ಜಾಕೀಟಿನ ತುಂಡುಗಳನ್ನು ನಿಜವಾದ ಖಣದ ಮೇಲೆ ಹಾಸಿ ಎಷ್ಟು ಬೇಕು ಅಳೆದುಕೊಳ್ಳಿ. ಕತ್ತರಿಸಿದ ಪ್ರತಿ ತುಂಡಿನ ಒಳಮೈಗೆ ಸೀಮೆಸುಣ್ಣದಲ್ಲಿ ಮೇಲ್ಮುಖದ ಬಾಣ ಇರಲಿ. ಆ 30 ಬಲಭಾಗಗಳಿಂದ ಕೈಚೀಲ, ಮೊಬೈಲ್ ಚೀಲ ಮಾಡಿ. ಸಣ್ಣ ತುಂಡಿಗೆ ಯಾವ ಕಡೆಯನ್ನಾದರೂ ಮೇಲೆ ಮಾಡಬಹುದು, ತೇರು ನೆಟ್ಟಗೆ ನಿಲ್ಲುತ್ತದೆ.

ಮುಧೋಳದಿಂದ

*ನಮ್ಮದು ಆರು ಮಷಿನ್ನಿನ ಘಟಕ, ಯಜಮಾನರು ನೋಡಿಕೊಳ್ಳುತ್ತಾರೆ. ಒಬ್ಬ ಹುಡುಗಿ 60 ಅಂಗಿಯ ತುಂಬು ತೋಳುಗಳನ್ನು ಕತ್ತರಿಸಿದಳು, ಎಲ್ಲವೂ ಎಡಗೈಯದ್ದೇ ಆದವು. ಯಜಮಾನರು ಅವಳ ಪಗಾರದಲ್ಲಿ ವಾರಕ್ಕೆ 500 ರೂಪಾಯಿ ಮುರಿಯುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಲುಕ್ಸಾನು ಆಗಿದ್ದು ನಿಜ. ನೀವಾದರೆ ಏನು ಮಾಡುತ್ತೀರಿ?*

ಮುರಿಯುತ್ತಿರಲಿಲ್ಲ. ಒಂದು ಕಾಲಕ್ಕೆ ಮುರಿದಿದ್ದೇನೆ, ಅದಕ್ಕೇ ಹೇಳುತ್ತೇನೆ.

ಮೊದಲು ಆ ತೋಳು ಹೇಗಾಯಿತು ನೋಡಿ. ಬಟ್ಟೆಯ ಪದರಗಳನ್ನೆಲ್ಲ ಮುಖ ಮೇಲೆ ಮಾಡಿಯೇ ಹಾಸಿದಾಗ, ತೋಳಿನ ಪ್ಯಾಟರ್ನನ್ನು ಒಮ್ಮೆ ಹೀಗೆ, ಒಮ್ಮೆ ಮಗುಚಿ ಇಡಬೇಕು. ಮಗುಚದೆ ಇಟ್ಟರೆ ಎಲ್ಲ ತೋಳೂ ಒಂದೇ ಕೈಯವು. ನಿಮ್ಮ ಪ್ಯಾಟರ್ನಿನ ಮೇಲೆ 'ಎಡ' ಎಂದು ಒಂದು ಮೈಗೆ, 'ಬಲ' ಎಂದು ಇನ್ನೊಂದು ಮೈಗೆ ಬರೆದಿತ್ತೇ? ಮುಂದಿನ ಕಂಕುಳಿಗೆ ಒಂದು ಗುರುತು, ಹಿಂದಿನದಕ್ಕೆ ಎರಡು ಗುರುತು ಇದ್ದವೇ? ಹಾಸಿದ್ದನ್ನು ಕತ್ತರಿ ಹಾಕುವ ಮುಂಚೆ ಇನ್ನೊಬ್ಬರು ನೋಡಿದ್ದರೇ? ಇದ್ಯಾವುದೂ ಇರಲಿಲ್ಲವಾದರೆ, ಆ ದಿನ ಅವಳ ಬದಲು ನಾನು ಕತ್ತರಿ ಹಿಡಿದಿದ್ದರೂ ನೂರಿಪ್ಪತ್ತೂ ಎಡಗೈಯೇ ಆಗುತ್ತಿದ್ದವು. ಕಾನೂನೂ ಸಹ, ಕೆಲಸದವರಿಗೆ ತಮ್ಮ ಮಾತು ಹೇಳಿಕೊಳ್ಳಲು ಅವಕಾಶ ಕೊಡದೆ ಹಾನಿಯ ಹಣ ಪಗಾರದಲ್ಲಿ ಹಿಡಿಯಲು ಬಿಡುವುದಿಲ್ಲ.

ನನ್ನ ಕಥೆ ಇದು. ಓವರ್‌ಲಾಕ್ ಮಾಡುವಾಗ ಅಂಗಿಯ ಮಡಿಕೆ ಬ್ಲೇಡಿಗೆ ಸಿಕ್ಕು ತೂತಾಗುವುದುಂಟು. ಅಂಥ ಒಂದು ತೂತಿಗೆ ಒಬ್ಬ ಹುಡುಗಿಯಿಂದ 80 ರೂಪಾಯಿ ಹಿಡಿದೆ, ಎಲ್ಲರೆದುರು. ಆ ಮೇಲೆ ನಾಲ್ಕು ತಿಂಗಳು ನಮ್ಮಲ್ಲಿ ಒಂದೇ ಒಂದು ತೂತೂ ಆಗಲಿಲ್ಲ. ನಾನು ಖುಷಿಯಾಗಿದ್ದೆ. ಆಮೇಲೆ ಒಂದು ಆಸ್ಪತ್ರೆಯ ಸಿಬ್ಬಂದಿಗೆ ಕಳಿಸಿದ ಸಮವಸ್ತ್ರ ತಿರುಗಿ ಬಂತು: 90ರಲ್ಲಿ 17ಕ್ಕೆ ತೂತಿತ್ತು. ಒಳಗಿನಿಂದ ಕೈಯಲ್ಲಿ ಸಣ್ಣಗೆ ಹೊಲಿದು, ಇಸ್ತ್ರಿ ಎಳೆದು, ಮಡಿಸಿ ಕಳಿಸಿದ್ದರು. ಆ ಕೈಹೊಲಿಗೆ ಎಷ್ಟು ನಾಜೂಕಾಗಿತ್ತೆಂದರೆ, ಊಟದ ಹೊತ್ತಿನಲ್ಲಿ ಯಾರಿಗೂ ಕಾಣದಂತೆ ಹೆದರಿ ಕೂತು ಹೊಲಿದದ್ದು ಅದರಲ್ಲೇ ಕಾಣುತ್ತಿತ್ತು. ಬ್ಲೇಡು ಮೊಂಡಾಗಿ ಬಟ್ಟೆ ಎಳೆಯುತ್ತಿತ್ತು, ಅಷ್ಟೇ. ಮೊದಲನೆಯ ತೂತಿನ ದಿನವೇ ಮಷಿನ್ ನೋಡಿದ್ದರೆ ತಿಳಿಯುತ್ತಿತ್ತು. ನಾನು ಹುಡುಗಿಯನ್ನು ನೋಡಿದೆ, ಮಷಿನ್ ನೋಡಲಿಲ್ಲ.

ಈಗ ನಮ್ಮಲ್ಲಿ ಒಂದು ವಹಿ ಇದೆ. ಏನು ಕೆಟ್ಟಿತು, ಯಾವ ಮಷಿನ್, ಯಾವ ಥಾನು, ಯಾವ ಹೊತ್ತು ಎಂದು ಬರೆಯುತ್ತೇವೆ. ಯಾರು ಎಂಬ ಕಾಲಮ್ಮೇ ಅದರಲ್ಲಿಲ್ಲ. ಎರಡು ಮಳೆಗಾಲ ಬರೆದ ಮೇಲೆ ಗೊತ್ತಾಯಿತು, ನಮ್ಮ ತೂತುಗಳಲ್ಲಿ ಹೆಚ್ಚಿನವು ಸಂಜೆ ಐದರ ಮೇಲೆ, ಕಿಟಕಿಯಿಂದ ದೂರದ ಎರಡು ಮಷಿನ್ನುಗಳಲ್ಲಿ ಆಗುತ್ತಿದ್ದವು. ಅಲ್ಲಿಗೆ ಎರಡು ಟ್ಯೂಬ್‌ಲೈಟ್ ಹಾಕಿಸಿದೆ.

ನಿಮ್ಮ ನೂರಿಪ್ಪತ್ತು ತೋಳು ಹಾಗೇ ಬಿಸಾಡಬೇಡಿ. ಅರವತ್ತು ಅಂಗಿಗೆ ನೂರಿಪ್ಪತ್ತು ತೋಳು ಬೇಕಲ್ಲ, ಅರ್ಧ ಎಡಗೈಯವು ಹೇಗೂ ಬೇಕಾದವೇ. ಉಳಿದ ಅರವತ್ತನ್ನು, ಬಟ್ಟೆ ಎರಡೂ ಮೈ ಒಂದೇ ಥರ ಇದ್ದರೆ ಮಗುಚಿ ಬಲಗೈ ಮಾಡಿಕೊಳ್ಳಿ. ಮುಖ-ಹಿಂಬದಿ ಬೇರೆ ಇದ್ದರೆ ಅವುಗಳಿಂದ ಕಾಲರ್, ಕಫ್, ಜೇಬು ತೆಗೆಯಿರಿ, ಅದೇ ಲಾಟಿನಿಂದ ಬಲಗೈಗೆ ಬಟ್ಟೆ ತರಿಸಿ. ಆ ಹುಡುಗಿಯನ್ನು ಕೂರಿಸಿಕೊಂಡು ಪ್ಯಾಟರ್ನಿನ ಎರಡೂ ಮೈಗೆ ಎಡ, ಬಲ ಎಂದು ಅವಳ ಕೈಯಿಂದಲೇ ಬರೆಸಿ. ಯಜಮಾನರಿಗೆ ಈ ಪತ್ರ ಓದಿ ಹೇಳಿ, ಈತನಕ ಎಷ್ಟು ವಾರ ಮುರಿದಿದ್ದೀರೋ ಅಷ್ಟೂ ರೊಕ್ಕ ಬರುವ ಶನಿವಾರದ ಪಗಾರದಲ್ಲಿ ಸೇರಿಸಿ ಕೊಡಿ.